ಕುಂಚಿಗೆಯ ಇನ್ನೊಂದು ಮೈ

ಅವ್ವನ ಟ್ರಂಕಿನ ತಳದಲ್ಲಿ ಹಳೆಯ ಧೋತರದ ಒಂದು ಗಂಟಿದೆ. ಬಿಚ್ಚಿದರೆ ಮೊದಲು ಬೇವಿನ ಎಲೆಯ ಪುಡಿ ಉದುರುತ್ತದೆ, ಆಮೇಲೆ ಕುಂಚಿಗೆ ಕಾಣುತ್ತದೆ. ಮನೆತನದಲ್ಲಿ ಯಾರಿಗಾದರೂ ದಿನ ತುಂಬಿದಾಗಲೇ ಆ ಗಂಟು ಬಿಚ್ಚುವುದು. ಕಳೆದ ಚಳಿಗಾಲ ಅಣ್ಣನ ಮಗಳು ಚೊಚ್ಚಲ ಹೆರಿಗೆಗೆಂದು ಧಾರವಾಡಕ್ಕೆ ಬಂದಳು. ನಾನೂ ರಜೆ ಹಾಕಿ ಹೋಗಿದ್ದೆ. ಒಂದು ಬೆಳಿಗ್ಗೆ ಅವ್ವ ಮಂಚದ ಮೇಲಿಂದಲೇ ಹೇಳಿದಳು: “ಟ್ರಂಕ್ ತಗಿಯವಾ. ಕುಂಚಿಗಿ ಗಾಳಿಗೆ ಹಾಕು. ಬಿಸಲಾಗ ಬ್ಯಾಡ, ನೆರಳಾಗ.”

ಕುಂಚಿಗೆ ನೋಡದವರಿಗಾಗಿ ಎರಡು ಮಾತು. ಕೂಸಿನ ತಲೆಗೆ ಹಾಕುವ ಬಟ್ಟೆಯಲ್ಲಿ ನಮ್ಮ ಕಡೆ ಎರಡು ಬಗೆ. ತಲೆಗೂ ಕಿವಿಗೂ ಮಾತ್ರ ಕೂರುವುದು ಕುಲಾವಿ. ಈ ಮಾತು ಪಾರಸಿಯ ಕುಲಾಹ್‌ನಿಂದ ಬಂದದ್ದು, ಅಲ್ಲಿಯೂ ಟೋಪಿ ಎಂದೇ ಅರ್ಥ. ತಲೆ ಮುಚ್ಚಿ, ಕುತ್ತಿಗೆ ದಾಟಿ, ಬೆನ್ನ ಮೇಲೆ ಸೊಂಟದವರೆಗೆ ಇಳಿಬೀಳುವುದು ಕುಂಚಿಗೆ. ಆಡುಮಾತಿನಲ್ಲಿ ಕುಂಚಿಗಿ. ಮರಾಠಿಯವರು ಕುಂಚಿ ಅನ್ನುತ್ತಾರೆ, ಬಾರಸೆ ಎಂಬ ಅವರ ನಾಮಕರಣಕ್ಕೂ ನಮ್ಮ ತೊಟ್ಟಿಲಿಗೆ ಹಾಕುವ ದಿನಕ್ಕೂ ಇದು ಬೇಕೇ ಬೇಕು. ತವರಿನಿಂದ ಬರುವ ಸಾಮಾನಿನಲ್ಲಿ ತೊಟ್ಟಿಲು, ಕೌದಿ, ಅಂಗಿಗಳ ಜೊತೆ ಕುಂಚಿಗೆ ಇಲ್ಲದಿದ್ದರೆ ನೆರೆಹೊರೆಯ ಹೆಂಗಸರು ಕೇಳದೆ ಬಿಡುವುದಿಲ್ಲ.

ಗುಳೇದಗುಡ್ಡದ ಖಣದಲ್ಲಿ, ಎಂದರೆ ರವಿಕೆಯ ಬಟ್ಟೆಯಲ್ಲಿ, ಹೊಲಿದ ಕುಂಚಿಗೆಗಳನ್ನು ನೀವು ನೋಡಿರಬಹುದು. ಖಣದಲ್ಲಿ ಚಿತ್ರ ನೇಯ್ಗೆಯಲ್ಲೇ ಇರುತ್ತದೆ, ಅಂಚಿಗೆ ಜರಿಪಟ್ಟಿ ಕೊಟ್ಟು ಗೊಂಡೆ ಕಟ್ಟಿದರೆ ಸಾಕು. ನಮ್ಮ ಮನೆಯದು ಬೇರೆ. ಅದು ಆಯಿಯ, ಎಂದರೆ ಅವ್ವನ ಅವ್ವನ, ಚಂದ್ರಕಾಳಿ ಸೀರೆಯ ಒಡಲಿನ ತುಂಡು. ಚಂದ್ರಕಾಳಿ ಅಂದರೆ ಕಪ್ಪು ಸೀರೆ. ಕಸೂತಿ ಹಾಕಿದ ಚಂದ್ರಕಾಳಿ ನಮ್ಮಲ್ಲಿ ಮದುಮಗಳಿಗೆ ಕೊಡುವ ಸೀರೆಗಳಲ್ಲಿ ಒಂದಾಗಿತ್ತು. ಆಯಿ ಆ ಸೀರೆಯನ್ನು ಹರಿಯುವ ತನಕ ಉಟ್ಟು, ಗಟ್ಟಿ ಉಳಿದ ಜಾಗವನ್ನು ಕತ್ತರಿಸಿ, 1971ರಲ್ಲಿ ಅಣ್ಣ ಹುಟ್ಟುವ ಮೊದಲು ಈ ಕುಂಚಿಗೆ ಹೊಲಿದಳು. ಅವ್ವನಿಗೆ ಕುಬುಸ, ಎಂದರೆ ಸೀಮಂತ, ಮಾಡಿ ನವಲಗುಂದದ ಹತ್ತಿರದ ತವರಿಗೆ ಕರೆದುಕೊಂಡು ಹೋದ ಮರುದಿನ ಸೂಜಿಗೆ ದಾರ ಪೋಣಿಸಿದಳಂತೆ. ಮುಗಿಸಿದ್ದು ಹೆರಿಗೆಯ ವಾರ.

ಅದರ ಹೊಲಿಗೆ ಬಹಳ ಸರಳ. ಅಗಲ ಒಂದು ಮೊಳ, ಉದ್ದ ಅದಕ್ಕಿಂತ ನಾಲ್ಕು ಬೆರಳು ಹೆಚ್ಚು. ಆ ತುಂಡನ್ನು ಉದ್ದುದ್ದ ನಡುವೆ ಮಡಚಿ ಮೇಲಿನ ಅಂಚನ್ನು ಮಾತ್ರ ಹೊಲಿದರೆ ತಲೆ ತೂರುವ ಗೂಡಾಯಿತು. ಕುತ್ತಿಗೆಯ ಮಟ್ಟಕ್ಕೆ ನಾಲ್ಕು ನೆರಿಗೆ ಹಿಡಿದು, ಗದ್ದದ ಕೆಳಗೆ ಕಟ್ಟಲು ಎರಡು ಕಸಿ. ಉಳಿದದ್ದು ಬೆನ್ನ ಮೇಲೆ. ಕತ್ತರಿ ಹಾಕಿ ದುಂಡಗೆ ಮಾಡಿದ್ದು ಎಲ್ಲಿಯೂ ಇಲ್ಲ. ಮಳೆಗಾಲದಲ್ಲಿ ಹೊಲಕ್ಕೆ ಹೋಗುವವರು ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿ ತಲೆಯ ಮೇಲೆ ಹಾಕಿಕೊಳ್ಳುತ್ತಾರಲ್ಲ, ಆ ಕೊಪ್ಪೆಯನ್ನು ನೋಡಿದವರಿಗೆ ಕುಂಚಿಗೆಯ ಆಕಾರ ಗೊತ್ತು. ಕಂಬಳಿ ಕೊಪ್ಪೆಯೂ ಅದೇ. ಕುರಿ ಕಾಯುವವನ ಕೊಪ್ಪೆಯನ್ನು ಕೈಯಗಲಕ್ಕೆ ಇಳಿಸಿ ರೇಷ್ಮೆಯಲ್ಲಿ ಹೊಲಿದರೆ ಕುಂಚಿಗೆ. ಮಳೆಗೂ ಗಾಳಿಗೂ ತಲೆ, ಹಿಂಗತ್ತು, ಬೆನ್ನು ಮೂರನ್ನೂ ಒಂದೇ ಬಟ್ಟೆಯಲ್ಲಿ ಮುಚ್ಚುವ ಉಪಾಯ ಎರಡರಲ್ಲೂ ಒಂದೇ.

ಹುಟ್ಟಿದ ಕೂಸಿನ ನೆತ್ತಿ ಕೂಡಿರುವುದಿಲ್ಲ. ಎಲುಬು ಸೇರದ ಆ ಮೆತ್ತನೆಯ ಜಾಗ ನಾಡಿಯ ಜೊತೆ ಮಿಡಿಯುವುದು ಕಣ್ಣಿಗೇ ಕಾಣುತ್ತದೆ. ಅದು ಗಟ್ಟಿಯಾಗುವುದಕ್ಕೆ ವರ್ಷ, ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ನೆತ್ತಿಗೆ ಹರಳೆಣ್ಣೆ, ಎಣ್ಣೆಯ ಮೇಲೆ ಕುಲಾವಿ, ಹೊರಗೆ ಹೊರಟರೆ ಕುಂಚಿಗೆ. ಎಳೆಗೂಸಿಗೆ ಮೈಯ ಅಳತೆಗೆ ತಲೆ ದೊಡ್ಡದು, ಥಂಡಿ ಹತ್ತುವುದೂ ಅಲ್ಲಿಂದಲೇ. ಧಾರವಾಡದ ಮಾಘದ ಬೆಳಗಿನ ಗಾಳಿಗೆ ಕೂಸನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಗೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಚ್ಚುವುದಕ್ಕೆ ಇಷ್ಟು ಸಾಕು. ಹಾಗಾದರೆ ಆ ಹೂವು, ಆ ತೇರು, ಆ ನವಿಲು ಯಾಕೆ? ಅದೂ ಕಸೂತಿಯಲ್ಲಿ ಯಾಕೆ? ಸೂಜಿ ಹಿಡಿದು ಮಾಡುವ ಕೆಲಸಗಳಲ್ಲಿ ಇಷ್ಟು ನಿಧಾನದ್ದು ನಾನು ಬೇರೆ ನೋಡಿಲ್ಲ.

ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ ಮುಟ್ಟಿಸುವಂತಿಲ್ಲ. ಅಚ್ಚು ಒತ್ತುವಂತಿಲ್ಲ. ಬಟ್ಟೆಯ ಎಳೆ ಎಣಿಸಬೇಕು. ಮೂರು ಎಳೆ ಬಿಟ್ಟು ಸೂಜಿ ಕೆಳಗೆ, ಮೂರು ಎಳೆ ಬಿಟ್ಟು ಮೇಲೆ. ಚಿತ್ರ ಇರುವುದು ಹೊಲಿಯುವವಳ ತಲೆಯಲ್ಲಿ, ಲೆಕ್ಕದ ರೂಪದಲ್ಲಿ. ಅದರಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತಿ. ಗವಂತಿಯಲ್ಲಿ ಸೂಜಿ ಒಮ್ಮೆ ಹೋಗುತ್ತದೆ, ಒಮ್ಮೆ ಬರುತ್ತದೆ. ಹೋಗುವಾಗ ಒಂದು ಬಿಟ್ಟು ಒಂದು ಗೆರೆ ಬೀಳುತ್ತದೆ. ಬರುವಾಗ ಅದೇ ತೂತುಗಳಲ್ಲಿ ಇಳಿದು ಏರಿ, ಬಿಟ್ಟ ಜಾಗಗಳನ್ನು ತುಂಬುತ್ತಾ ಹೊರಟಲ್ಲಿಗೇ ಬರುತ್ತದೆ. ಹೀಗೆ ತುಂಬಿದಾಗ ಬಟ್ಟೆಯ ಈ ಮೈಗೂ ಆ ಮೈಗೂ ವ್ಯತ್ಯಾಸ ಇರುವುದಿಲ್ಲ. ಗಂಟು ಹಾಕುವಂತಿಲ್ಲ. ದಾರದ ತುದಿಯನ್ನು ಹೊಲಿಗೆಯ ಕೆಳಗೇ ಅಡಗಿಸಬೇಕು. ಗಂಟೇ ಇಲ್ಲದ ಈ ಹೊಲಿಗೆಗೆ ಗಂಟು ಎಂಬ ಮಾತಿನಿಂದಲೇ ಗವಂತಿ ಎಂದು ಹೆಸರು ಬಂತೆನ್ನುತ್ತಾರೆ. ಯುರೋಪಿನಲ್ಲಿಯೂ ಈ ಹೊಲಿಗೆ ಇದೆ. 16ನೇ ಶತಮಾನದ ಚಿತ್ರಕಾರ ಹೋಲ್ಬೈನ್ ತಾನು ಬರೆದ ದೊರೆಗಳ, ಶ್ರೀಮಂತರ ಅಂಗಿಗಳ ಕೊರಳಪಟ್ಟಿಯಲ್ಲಿ ಇದನ್ನು ಎಷ್ಟು ಸ್ಪಷ್ಟವಾಗಿ ಬರೆದನೆಂದರೆ ಅಲ್ಲಿ ಹೊಲಿಗೆಗೆ ಅವನ ಹೆಸರೇ ನಿಂತಿತು. ನಮ್ಮಲ್ಲಿ ಇದನ್ನು ಹೊಲಿದ ಹೆಂಗಸರ ಹೆಸರು ಯಾವ ಹೊಲಿಗೆಗೂ ಬಂದಿಲ್ಲ.

ಮುರಗಿ ಅಂದರೆ ಅದೇ ಗವಂತಿ ಮೆಟ್ಟಿಲು ಹತ್ತಿದ ಹಾಗೆ, ಮುರಿದು ಮುರಿದು ಓರೆಯಾಗಿ ಏರುವುದು. ಗೋಪುರದ ಪಕ್ಕೆಗಳು ಮುರಗಿಯಲ್ಲೇ ಚೆಂದ. ಇದೂ ಎರಡೂ ಮೈಗೆ ಒಂದೇ. ನೇಗಿ ಬೇರೆ. ನೇಯ್ಗೆಯಿಂದ ಬಂದ ಹೆಸರು. ಉದ್ದ, ಗಿಡ್ಡ ಓಟದ ಹೊಲಿಗೆ ಸಾಲು ಸಾಲಾಗಿ ಹಾಕಿದರೆ ಮಗ್ಗದ ಮೇಲೆಯೇ ಚಿತ್ರ ನೇಯ್ದ ಹಾಗೆ ಕಾಣುತ್ತದೆ. ಮೇಲೆ ದಾರ ಕಂಡಲ್ಲಿ ಹಿಂದೆ ಬಟ್ಟೆ, ಮೇಲೆ ಬಟ್ಟೆ ಕಂಡಲ್ಲಿ ಹಿಂದೆ ದಾರ, ಹಾಗಾಗಿ ಹಿಂಬದಿಯಲ್ಲಿ ಚಿತ್ರ ತಿರುವುಮುರುವು. ಮೆಂತಿ ಅಂದರೆ ಮೆಂತ್ಯದ ಕಾಳಿನ ಹಾಗೆ ಒತ್ತಾಗಿ ಕೂರುವ ಅಡ್ಡಗತ್ತರಿ ಹೊಲಿಗೆ, ತುಂಬುವುದಕ್ಕೆ ಬಳಸುವುದು. ಮೆಂತಿಯ ಹಿಂಬದಿ ಯಾರಿಗೂ ತೋರಿಸುವಂಥದ್ದಲ್ಲ. ಈ ವ್ಯತ್ಯಾಸಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ನಾನು ಹನ್ನೆರಡರ ವಯಸ್ಸಿನಲ್ಲಿ ಬೇಸಿಗೆ ರಜೆಗೆ ಹೋದಾಗ ಆಯಿ ನನ್ನ ಕೈಗೆ ದಪ್ಪ ಎಳೆಯ ದೋಸೂತಿ ಬಟ್ಟೆ ಕೊಟ್ಟು ಗೋಪುರ ಹಾಕಲು ಕೂರಿಸಿದ್ದಳು. ಪಡಸಾಲೆಯ ಬಾಗಿಲಲ್ಲಿ ಬೆಳಕು ಬೀಳುವ ಜಾಗ. ಮೂರು ದಿನ ಏರಿದೆ. ನಾಲ್ಕನೆಯ ದಿನ ಕಳಸದ ಹತ್ತಿರ ಎಡಗಡೆಯ ಗೆರೆಯೂ ಬಲಗಡೆಯ ಗೆರೆಯೂ ಕೂಡಬೇಕಿತ್ತು, ಕೂಡಲಿಲ್ಲ. ನಡುವೆ ಒಂದೇ ಒಂದು ಎಳೆ. ಅದನ್ನು ಎಳೆದು ಕೂಡಿಸಲು ನೋಡಿದೆ, ಬಟ್ಟೆ ಸುಕ್ಕಾಯಿತು. ಆಯಿ ಬೈಯಲಿಲ್ಲ. ಸೂಜಿಯ ಮೊನೆಯಿಂದ ಎಣಿಸುತ್ತಾ ಕೆಳಗೆ ಕೆಳಗೆ ಬಂದು, ತಳದಿಂದ ಎರಡನೆಯ ಮೆಟ್ಟಿಲಿನಲ್ಲಿ ನಿಲ್ಲಿಸಿದಳು. “ಇಲ್ಲಿ ನಾಕ ಎಳಿ ಹಿಡದೀ ನೋಡ ತಂಗಿ. ಇಲ್ಲಿತನಾ ಬಿಚ್ಚು.” ಮೊದಲ ದಿನದ ತಪ್ಪು ನಾಲ್ಕನೆಯ ದಿನ ತುದಿಯಲ್ಲಿ ಕಂಡಿತ್ತು. ಬಿಚ್ಚಿದೆ. ಆ ಗೋಪುರವನ್ನು ರಜೆಯಲ್ಲಿ ಮುಗಿಸಲಾಗಲಿಲ್ಲ. ಆದರೆ ಅಂದಿನಿಂದ ಯಾವ ಕಸೂತಿ ನೋಡಿದರೂ ನನಗೆ ಮೊದಲು ಕಾಣುವುದು ಚಿತ್ರದ ಅಂದ ಅಲ್ಲ, ತುದಿಯಲ್ಲಿ ಗೆರೆಗಳು ಕೂಡಿವೆಯೇ ಎಂಬುದು. ಕುಂಚಿಗೆಯಲ್ಲಿ ಎಲ್ಲವೂ ಕೂಡಿವೆ. ಅದೂ ಕಪ್ಪು ಬಟ್ಟೆಯ ಮೇಲೆ. ಬಿಳಿ ದೋಸೂತಿಯ ಎಳೆ ಎಣಿಸುವುದೇ ನನಗೆ ಆಗಲಿಲ್ಲ. ಲಾಟೀನು ಹಚ್ಚುವ ಮನೆಯಲ್ಲಿ ಕರೀ ಸೀರೆಯ ಎಳೆಯನ್ನು ಆಕೆ ಹೇಗೆ ಎಣಿಸಿದಳೋ.

ಅದರ ಚಿತ್ರಗಳು ಹೀಗಿವೆ. ಮಡಿಕೆಯ ಗೆರೆ ಕೂಸಿನ ಬೆನ್ನುಹುರಿಯ ಮೇಲೆ ಇಳಿಯುತ್ತದೆ, ಆ ಗೆರೆಯ ಮೇಲೆ ಒಂದು ತೇರು. ತೇರಿನ ಎರಡೂ ಬದಿಗೆ ಒಂದೊಂದು ಆನೆ, ಆನೆಯ ಮೈ ನೇಗಿಯಲ್ಲಿ ತುಂಬಿದ್ದು. ಮೇಲೆ ಹಿಂದಲೆಯ ಹತ್ತಿರ ತುಳಸಿಕಟ್ಟೆ. ಕಿವಿಯ ಕಡೆ ಮುಖ ಮಾಡಿದ ನವಿಲುಗಳು, ಗವಂತಿಯಲ್ಲಿ. ತೇರಿನ ಬುಡದಲ್ಲಿ ಬೆರಳಗಲದ ಒಂದು ತೊಟ್ಟಿಲು. ಕೆಳಗಿನ ಅಂಚಿಗೆ ಎರಡು ಬೆರಳು ಅಗಲದ ಮೆಂತಿಯ ಪಟ್ಟಿ. ಬಣ್ಣ ನಾಲ್ಕೇ: ಕೆಂಪು, ಕಿತ್ತಳೆ, ಹಸಿರು, ನೇರಳೆ. ದಾರವನ್ನು ಅಂಗಡಿಯಿಂದ ತಂದದ್ದು ಸ್ವಲ್ಪ, ಸವೆದ ಸೆರಗಿನಿಂದ ಬಿಡಿಸಿಕೊಂಡ ರೇಷ್ಮೆ ಉಳಿದದ್ದು ಎಂದು ಅವ್ವ ಹೇಳುತ್ತಾಳೆ. ಇಳಕಲ್ ಸೀರೆಯಲ್ಲಿ ಕಸೂತಿ ಹಾಕುವಾಗ ಸೆರಗಿನ ಹತ್ತಿರ ದೊಡ್ಡ ಚಿತ್ರಗಳು, ದೂರ ಹೋದ ಹಾಗೆ ಚಿಕ್ಕವು. ಕುಂಚಿಗೆಯಲ್ಲೂ ಅದೇ ಕ್ರಮ. ಬೆನ್ನ ಮೇಲೆ ದೊಡ್ಡದು, ಮುಖದ ಕಡೆ ಬಂದ ಹಾಗೆ ಸಣ್ಣದು. ಹಣೆಯ ಅಂಚಿಗೆ ಬರೀ ಒಂದು ಚುಕ್ಕಿಸಾಲು.

ಇದು ನನಗೆ ಬಹಳ ದಿನ ವಿಚಿತ್ರ ಅನ್ನಿಸುತ್ತಿತ್ತು. ಮುಖದ ಸುತ್ತ ಏನೂ ಇಲ್ಲ, ಬೆನ್ನ ಮೇಲೆ ಇಷ್ಟೆಲ್ಲ. ಫೋಟೋ ತೆಗೆಯುವವರಿಗೆ ಅದು ಕಾಣುವುದೇ ಇಲ್ಲ. ಅಣ್ಣನ ತೊಟ್ಟಿಲ ದಿನದ ಕಪ್ಪುಬಿಳುಪು ಫೋಟೋದಲ್ಲಿ ಕರೀ ಟೋಪಿಯೊಳಗೆ ಅಳುವ ಮುಖ ಅಷ್ಟೇ ಇದೆ. ಆಮೇಲೆ ಒಂದು ದಿನ ಸಂತೆಯಲ್ಲಿ ನನ್ನ ಮುಂದೆ ಹೋಗುತ್ತಿದ್ದ ಒಬ್ಬ ಹೆಣ್ಣುಮಗಳ ಹೆಗಲ ಮೇಲೆ ಕೂಸು ಮಲಗಿತ್ತು, ಖಣದ ಕುಂಚಿಗೆ ಹಾಕಿದ್ದರು. ಅವಳು ಕಾಯಿಪಲ್ಯ ಕೊಳ್ಳುತ್ತಾ ಮುಂದೆ ನಡೆದಳು, ಸಂತೆಗೆ ಸಂತೆಯೇ ಹಿಂದಿನಿಂದ ಆ ಕುಂಚಿಗೆ ನೋಡಿತು. ಎತ್ತಿಕೊಂಡ ಕೂಸು ಅವ್ವನ ಎದೆಗೆ ಮುಖ ಇಟ್ಟಿರುತ್ತದೆ. ಹೊರಗಿನವರಿಗೆ ಸಿಗುವುದು ಬೆನ್ನು. ಅಂಗಿಯ ಎದೆಯ ಮೇಲೆ ಚಿತ್ರ ಹಾಕಿದರೆ ಅದು ತಾಯಿಯ ಸೆರಗಿಗೆ ಒತ್ತಿಕೊಂಡಿರುತ್ತದೆ. ಕೂಸು ಎಲ್ಲಿರುತ್ತದೆ, ಹೇಗಿರುತ್ತದೆ ಎಂಬುದು ಚೆನ್ನಾಗಿ ಗೊತ್ತಿದ್ದವರೇ ಇದನ್ನು ಹೀಗೆ ಮಾಡಿದ್ದಾರೆ.

ಅವ್ವನನ್ನು ಕೇಳಿದರೆ ಅವಳದು ಒಂದೇ ಮಾತು, ದೃಷ್ಟಿ. ನೋಡುವವರ ಕಣ್ಣು ಮೊದಲು ಬಟ್ಟೆಯ ಮೇಲೆ ಬೀಳಲಿ, ಕೂಸಿನ ಮೇಲೆ ಬ್ಯಾಡ. ಕಪ್ಪು ಬಟ್ಟೆಯೂ ಅದಕ್ಕೇ, ಗಲ್ಲಕ್ಕೆ ಕಾಡಿಗೆ ಇಡುವುದೂ ಅದಕ್ಕೇ. ನಾನು ದೃಷ್ಟಿಯನ್ನು ನಂಬುತ್ತೇನೋ ಇಲ್ಲವೋ, ಕಸೂತಿಯ ಮುಂದೆ ಕಣ್ಣು ನಿಲ್ಲುವುದಂತೂ ನಿಜ. ತೇರಿನ ಒಂದು ಗೆರೆ ಹಿಡಿದು ಹೊರಟರೆ ಅದು ಎಲ್ಲಿ ತಿರುಗಿತು, ಎಲ್ಲಿ ಕೂಡಿತು ಎಂದು ಕಣ್ಣು ತಾನಾಗಿ ಹುಡುಕುತ್ತದೆ. ಅಷ್ಟರಲ್ಲಿ ಕೂಸನ್ನು ಹೊತ್ತವಳು ಹತ್ತು ಹೆಜ್ಜೆ ಮುಂದೆ ಹೋಗಿರುತ್ತಾಳೆ.

ಕೂಸಿನ ತಲೆಗೆ ಸೂಜಿದಾರದಿಂದ ಕಾವಲು ಕಟ್ಟುವ ಕೆಲಸ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಕೆಲವು ವರ್ಷಗಳ ಹಿಂದೆ ಒಂದು ವಸ್ತುಸಂಗ್ರಹಾಲಯದಲ್ಲಿ ಚೀನಾದ ಹುಲಿಟೋಪಿಗಳನ್ನು ನೋಡಿದೆ. ಹಣೆಯ ಮೇಲೆ ದೊಡ್ಡ ಕಣ್ಣು, ಎದ್ದುನಿಂತ ಕಿವಿ, ತುಪ್ಪಳದ ಅಂಚು, ಹುಬ್ಬುಗಳ ನಡುವೆ ‘ರಾಜ’ ಎಂಬ ಅರ್ಥದ ಅವರ ಅಕ್ಷರ. ಹುಲಿಯ ಹಣೆಯ ಪಟ್ಟೆಗಳೇ ಆ ಅಕ್ಷರದ ಹಾಗೆ ಇರುತ್ತವೆಂದು ಅವರ ಎಣಿಕೆ. ಕೂಸಿಗೆ ತಿಂಗಳು ತುಂಬಿದಾಗ, ನೂರು ದಿನವಾದಾಗ, ವರ್ಷ ತುಂಬಿದಾಗ ಇಂಥ ಟೋಪಿ ತೊಡಿಸುತ್ತಾರೆ. ಐದನೆಯ ತಿಂಗಳ ಐದನೆಯ ದಿನದ ಹಬ್ಬಕ್ಕೆ ಚೇಳು, ಹಾವು, ಜರಿಹುಳ ಮೊದಲಾದ ಐದು ವಿಷಜಂತುಗಳನ್ನು ಮಕ್ಕಳ ಬಟ್ಟೆಗಳ ಮೇಲೆ ಹೊಲಿಯುತ್ತಾರೆ, ವಿಷವನ್ನು ವಿಷವೇ ತಡೆಯಲಿ ಎಂದು. ನಾಯಿಯ ತಲೆಯ ಟೋಪಿಯೂ ಇದೆ. ಕೂಸನ್ನು ನಾಯಿಮರಿ ಎಂದು ತಿಳಿದು ದುಷ್ಟಶಕ್ತಿಗಳು ಬಿಟ್ಟು ಹೋಗಲಿ ಅಂತ. ಅದನ್ನು ಓದಿದಾಗ ನನಗೆ ನಮ್ಮೂರಿನ ತಿಪ್ಪಣ್ಣ, ತಿಪ್ಪವ್ವ ಎಂಬ ಹೆಸರುಗಳು ನೆನಪಾದವು. ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಅಲ್ಲಿಂದ ಎತ್ತಿಕೊಂಡು ಬಂದು ಆ ಹೆಸರು ಇಡುತ್ತಿದ್ದರಲ್ಲ. ಇದು ಬೇಕಾದ ಕೂಸಲ್ಲ, ಬಿಸಾಡಿದ್ದು ಎಂದು ಸಾವಿಗೆ ಸುಳ್ಳು ಹೇಳುವುದು. ಅವರು ಸುಳ್ಳನ್ನು ಟೋಪಿಯಲ್ಲಿ ಹೊಲಿದರು, ನಾವು ಹೆಸರಿನಲ್ಲಿ ಇಟ್ಟೆವು.

ಅದೇ ಗಾಜಿನ ಪೆಟ್ಟಿಗೆಯಲ್ಲಿ ಇನ್ನೊಂದು ಬಗೆಯೂ ಇತ್ತು, ಗಾಳಿಟೋಪಿ. ಚಳಿ ಹೆಚ್ಚಿರುವ ಉತ್ತರ ಚೀನಾದಲ್ಲಿ ಕೂಸುಗಳಿಗೆ ಹಾಕುವುದು. ಹುಲಿಯ ಮುಖ ಮುಂದೆ, ಹಿಂದೆ ಹೆಗಲವರೆಗೆ ಇಳಿದ ಅಗಲವಾದ ಜೋಲು. ಪೆಟ್ಟಿಗೆಯ ಹಿಂದೆ ಸುತ್ತಿ ಹೋಗಿ ನೋಡಿದೆ. ಜೋಲಿನ ತುಂಬ ಹೂವು, ಚಿಟ್ಟೆ, ಅಂಚಿಗೆ ಸಣ್ಣ ಗೆಜ್ಜೆ. ಗೂಡಿನ ಆಕಾರ, ಹಿಂಗತ್ತು ಮುಚ್ಚುವ ರೀತಿ, ಗದ್ದದ ಕೆಳಗಿನ ಕಸಿ ಎಲ್ಲವೂ ಕುಂಚಿಗೆಯವೇ. ಒಂದನ್ನು ನೋಡಿ ಇನ್ನೊಂದನ್ನು ಕಲಿತರು ಎಂದು ನಾನು ಹೇಳುತ್ತಿಲ್ಲ. ಚಳಿ ಒಂದೇ, ಕೂಸಿನ ತಲೆ ಒಂದೇ, ಹೊರುವ ಹೆಗಲೂ ಒಂದೇ. ವ್ಯತ್ಯಾಸ ಎಂದರೆ ಅವರ ಹುಲಿ ಎದುರು ಬಂದವರನ್ನು ದಿಟ್ಟಿಸಿ ನೋಡುತ್ತದೆ. ನಮ್ಮ ತೇರು ಹಿಂದೆ ಬರುವವರಿಗೆ ಕಾಣುತ್ತಾ ಮುಂದೆ ಸಾಗುತ್ತದೆ.

ಮಧ್ಯ ಏಷ್ಯಾದ ತುರ್ಕಮೆನ್ ಜನರ ಬಟ್ಟೆಗಳ ಬಗ್ಗೆ ಓದಿದಾಗಲೂ ಈ ಬೆನ್ನಿನ ಮಾತೇ ಸಿಕ್ಕಿತು. ಅಲ್ಲಿನ ತೆಕೆ ಬಣದ ಹೆಂಗಸರು ತಲೆಯ ಮೇಲಿಂದ ಹೊದೆಯುವ ಚಿರ್ಪಿ ಎಂಬ ನಿಲುವಂಗಿ ಇದೆ. ಅದಕ್ಕೆ ತೋಳುಗಳಿವೆ, ಆದರೆ ತೋಳು ತೂರಿಸಲು ಬರುವುದಿಲ್ಲ. ಸಪೂರವಾದ ಆ ಸುಳ್ಳು ತೋಳುಗಳು ಬೆನ್ನ ಹಿಂದೆ ಜೋಡಿಯಾಗಿ ಇಳಿಯುತ್ತವೆ, ಅವುಗಳ ಮೇಲೆ ಒತ್ತಾದ ಹೂವಿನ ಕಸೂತಿ. ಎಳೆಯರದು ಕಡುಬಣ್ಣ, ನಡುವಯಸ್ಸಿನವರದು ಹಳದಿ, ವಯಸ್ಸಾದವರದು ಬಿಳಿ. ಹಿಂದಿನಿಂದ ನೋಡಿದವರಿಗೂ ಯಾರು, ಎಷ್ಟು ವಯಸ್ಸಿನವರು ಎಂದು ತಿಳಿಯುತ್ತದೆ. ಅದೇ ಜನ ಮಕ್ಕಳ ಅಂಗಿಯ ಕೆಳಅಂಚನ್ನು ಮಡಚಿ ಹೊಲಿಯದೆ ಹಾಗೇ ಬಿಡುತ್ತಿದ್ದರು. ಅಂಚು ಮುಚ್ಚಿದರೆ ಬೆಳವಣಿಗೆ ನಿಂತೀತು, ಸಂತಾನ ನಿಂತೀತು ಎಂಬ ಅಂಜಿಕೆ. ನಮ್ಮ ಸಂಡೂರಿನ ಲಂಬಾಣಿ ಹೆಂಗಸರ ಮೇಲುಹೊದಿಕೆಯಲ್ಲಿ ಹಣೆಯ ಮೇಲೆ ಬರುವ ಅಂಚಿಗೆ ಕನ್ನಡಿ, ನಾಣ್ಯ ಕೂರಿಸಿರುತ್ತಾರೆ. ಆ ಕೆಲಸ ನನಗೆ ಇಷ್ಟ, ಆದರೆ ಅದರ ಬಗ್ಗೆ ಬರೆಯಲು ತಾಂಡಾದಲ್ಲಿ ಹುಟ್ಟಿದವರೇ ಬೇಕು.

ಆಯಿ ಏಳು ಹೆತ್ತಳು, ನಾಲ್ಕು ಉಳಿದವು. ಇದನ್ನು ಅವಳು ಯಾವತ್ತೂ ದುಃಖದ ದನಿಯಲ್ಲಿ ಹೇಳಿದ್ದು ನನಗೆ ನೆನಪಿಲ್ಲ, ಎಳೆ ಎಣಿಸಿದ ಹಾಗೆ ಹೇಳುತ್ತಿದ್ದಳು. ಮಗಳ ಚೊಚ್ಚಲ ಕೂಸಿಗಾಗಿ ಆಕೆ ತಿಂಗಳುಗಟ್ಟಲೆ ಎಣಿಸಿದ ಎಳೆಗಳ ಹಿಂದೆ ಆ ಮೂರೂ ಇದ್ದವು ಅಂತ ನನಗೆ ಈಗ ಅನ್ನಿಸುತ್ತದೆ. ಐದನೆಯ ದಿನ ರಾತ್ರಿ ಶೆಟಿಗೆವ್ವ ಬಂದು ಹಣೆಬರಹ ಬರೆದು ಹೋಗುತ್ತಾಳೆ, ಅದಕ್ಕೆ ಯಾರೂ ಕೈ ಹಾಕುವಂತಿಲ್ಲ. ಬೆನ್ನ ಮೇಲಿನದನ್ನಾದರೂ ಒಂದು ಎಳೆ ತಪ್ಪದ ಹಾಗೆ ನಾನು ಬರೆಯುತ್ತೇನೆ ಎಂದು ಹಟ ಹಿಡಿದವಳ ಹಾಗೆ ಕಾಣುತ್ತದೆ ಆ ಕೆಲಸ. ಕೂಸಿಗೆ ಏನೂ ತಿಳಿಯುವುದಿಲ್ಲ. ಎಂಟು ತಿಂಗಳಿಗೆ ತಲೆ ಹಿಡಿಸುವುದಿಲ್ಲ. ತಾನು ಅದನ್ನು ತೊಟ್ಟಿದ್ದೆ ಎಂಬುದೂ ಅದಕ್ಕೆ ನೆನಪಿರುವುದಿಲ್ಲ. ನನಗೂ ಇಲ್ಲ.

ಅಣ್ಣನ ನಂತರ ನಾನು, ಆಮೇಲೆ ಚಿಕ್ಕಮ್ಮಂದಿರ ಮಕ್ಕಳು, ಸೋದರಮಾವನ ಮಕ್ಕಳು, ಅವರ ಮಕ್ಕಳು. ಅವ್ವನ ಲೆಕ್ಕದಲ್ಲಿ ಹತ್ತೊಂಬತ್ತು ಕೂಸು. ಹುಬ್ಬಳ್ಳಿ, ಬಾಗಲಕೋಟೆ, ಒಮ್ಮೆ ಪುಣೆ. ಪ್ರತಿ ಸಲ ಧೋತರದಲ್ಲಿ ಕಟ್ಟಿ ಕಳಿಸುವುದು, ತಿರುಗಿ ಬಂದ ಮೇಲೆ ಬೇವಿನ ಎಲೆ ಹಾಕಿ ಇಡುವುದು. ಯಾರ ಮನೆಯಲ್ಲಿಯೋ ಬಿಸಿಲಿಗೆ ಹಾಕಿದರು, ಮತ್ತೆ ಇನ್ಯಾರೋ ಹಾಕಿದರು. ಕಿತ್ತಳೆ ಮಂಕಾಗಿ ಇಟ್ಟಂಗಿಯ ಬಣ್ಣಕ್ಕೆ ಬಂತು. ನೇರಳೆ ಬೂದಿಯಾಯಿತು. ಹಸಿರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು.

ಅಂಗಡಿಗಳಲ್ಲಿ ಈಗ ಕುಂಚಿಗೆ ಬೇಕಾದಷ್ಟು ಸಿಗುತ್ತವೆ. ನಾಮಕರಣದ ಫೋಟೋಕ್ಕೆಂದು ಮೊಬೈಲಿನಲ್ಲೇ ತರಿಸುವವರಿದ್ದಾರೆ. ಖಣದವು ಚೆಂದ ಇರುತ್ತವೆ, ಅದರಿಂದ ಗುಳೇದಗುಡ್ಡದ ಮಗ್ಗಗಳಿಗೆ ನಾಲ್ಕು ಕಾಸು ಸಿಗುವುದಾದರೆ ಅದು ಒಳ್ಳೆಯದೇ. ನನ್ನ ತಕರಾರು ಇರುವುದು ಕಸೂತಿ ಎಂದು ಹೇಳಿ ಮಾರುವ ಮಷಿನ್ ಕೆಲಸದ ಬಗ್ಗೆ. ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ, ಹೆಸರಿಗೆ ಕಾಯ್ದೆಯ ಬಲ ಇದೆ. ಆದರೂ ಮಷಿನ್ ಹಾಕಿದ ಗೋಪುರ ಕಸೂತಿ ಎಂದೇ ಮಾರಾಟವಾಗುತ್ತದೆ. ಅಂಥ ಒಂದನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ದಾರದ ಸಿಕ್ಕು, ಅದನ್ನು ಹಿಡಿದಿಡಲು ಕಾಗದದಂಥ ಬಿರುಸು ಬಟ್ಟೆ. ಎಳೆಗೂಸಿನ ಹಿಂಗತ್ತಿಗೆ ತಾಗುವುದು ಆ ಮೈ. ಒಮ್ಮೆ ಒಂದು ಅಂಗಡಿಯಲ್ಲಿ ಇದನ್ನು ಹೇಳಿದೆ. “ಒಳಗ ಯಾರ ನೋಡ್ತಾರ್ರೀ ಮೇಡಂ” ಅಂದರು. ಕೂಸು ನೋಡುವುದಿಲ್ಲ ನಿಜ, ಅದರ ಚರ್ಮಕ್ಕೆ ಗೊತ್ತಾಗುತ್ತದೆ. ಕೈಕಸೂತಿಗೆ ಬೆಲೆ ಹೆಚ್ಚು ಎಂದು ಹೇಳುವವರು ಒಂದು ತೇರಿಗೆ ಎಷ್ಟು ದಿನ ಬೇಕು, ಆ ದಿನಗಳಿಗೆ ಹೊಲಿದವಳಿಗೆ ಎಷ್ಟು ಕೂಲಿ ಬಿತ್ತು ಎಂಬ ಲೆಕ್ಕವನ್ನೂ ಒಮ್ಮೆ ಮಾಡಬೇಕು. ಧಾರವಾಡ ಸುತ್ತಿನ ಹಳ್ಳಿಗಳಲ್ಲಿ ಇನ್ನೂ ಈ ಕೆಲಸ ಮಾಡುವ ಹೆಣ್ಣುಮಕ್ಕಳು ಮಾಡುವುದು ಮನೆಗೆಲಸ, ಹೊಲದ ಕೆಲಸ ಮುಗಿಸಿ, ಉಳಿದ ಬೆಳಕಿನಲ್ಲಿ.

ಟ್ರಂಕಿನ ಗಂಟಿಗೆ ಮರಳುತ್ತೇನೆ. ನೆರಳಿಗೆ ಹಾಕಿದ ಕುಂಚಿಗೆಯನ್ನು ಸಂಜೆ ತೆಗೆಯುವಾಗ ಅಸ್ತರ ಹರಿದಿರುವುದು ಕಂಡಿತು. ಅಸ್ತರ ಆಯಿಯೇ ಹಾಕಿದ್ದು, ಅಜ್ಜನ ಹಳೆಯ ಧೋತರದ ತುಂಡು. ಹೊಸ ಬಟ್ಟೆ ಚುಚ್ಚುತ್ತದೆಂದು ಕೂಸಿಗೆ ಹಳತೇ ಹಾಕುವುದು ರೂಢಿ. ಐವತ್ತು ವರ್ಷಕ್ಕೂ ಮೇಲೆ ಹತ್ತೊಂಬತ್ತು ತಲೆಗಳ ಹರಳೆಣ್ಣೆ ಕುಡಿದು ಅದು ಹಳದಿಯಾಗಿತ್ತು, ಮುಟ್ಟಿದರೆ ಕೈಗೆ ಬರುತ್ತಿತ್ತು. ವೈನಿ, ಎಂದರೆ ಅಣ್ಣನ ಹೆಂಡತಿ, ಮೆತ್ತನೆಯ ಇನ್ನೊಂದು ಹಳೆ ಸೀರೆ ಹುಡುಕಿ ತಂದರು. ನಾನು ಬ್ಲೇಡು ಹಿಡಿದು ಅಸ್ತರದ ಹೊಲಿಗೆ ಬಿಚ್ಚಲು ಕೂತೆ. ಅಣ್ಣನ ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಎದುರಿಗೆ ಕೂತು ನೋಡುತ್ತಿದ್ದಳು.

ಅಸ್ತರ ಬಿಟ್ಟಿತು. ಒಳಗೆ ತೇರು ಇತ್ತು. ನಾವು ಹುಟ್ಟಿದಾಗಿನಿಂದ ನೋಡಿದ್ದ ಮಂಕು ತೇರಲ್ಲ. ಕುಂಕುಮದಂಥ ಕೆಂಪು, ಕೊಯ್ದು ತಂದ ಕಿತ್ತಳೆಯಂಥ ಕಿತ್ತಳೆ. ನೇರಳೆಯನ್ನು ನಾನು ಆ ಬಟ್ಟೆಯಲ್ಲಿ ಅದೇ ಮೊದಲು ನೋಡಿದ್ದು. ನವಿಲಿನ ಕುತ್ತಿಗೆ ಹಸಿರು ಎಂಬುದಕ್ಕೆ ಬೆರಳಿಡಬೇಕಾಗಿರಲಿಲ್ಲ. ಬಿಸಿಲು ಕಾಣದ ಮೈ ಅದು. ಒಂದು ಗಂಟಿಲ್ಲ, ಒಂದು ತುದಿ ಹೊರಗೆ ಇಣುಕಿಲ್ಲ. ಅದರ ಮೇಲೆ ಧೋತರ ಬರುತ್ತದೆ, ಅದನ್ನು ಯಾರೂ ನೋಡುವುದಿಲ್ಲ ಎಂದು ಗೊತ್ತಿದ್ದೇ ಆಯಿ ಹೊಲಿದದ್ದು.

“ಅತ್ತೀ, ಇದನ್ನ ಮ್ಯಾಲ ಮಾಡಿ ಹೊಲಿಯಾಕ ಬರೂದಿಲ್ಲೇನು?” ಅಂದಳು ಹುಡುಗಿ.

ನಾನು ಅವ್ವನ ಮುಖ ನೋಡಿದೆ. ಅವ್ವ ಕುಂಚಿಗೆಯನ್ನು ಕಣ್ಣಿನ ಹತ್ತಿರ ಹಿಡಿದು ಬೆರಳಾಡಿಸಿದಳು. ತೇರು, ತುಳಸಿಕಟ್ಟೆ, ನವಿಲು, ತೊಟ್ಟಿಲು ಗವಂತಿ, ಮುರಗಿ. ಅವುಗಳಿಗೆ ಅಡ್ಡಿಯಿಲ್ಲ. ಆನೆಗಳು ನೇಗಿ. ಈ ಮೈಯಲ್ಲಿ ಆನೆಯ ಮೈಮೇಲಿನ ಚೌಕಗಳು ತಿರುವುಮುರುವಾಗಿದ್ದವು, ದಾರವಿದ್ದಲ್ಲಿ ಕಪ್ಪು, ಕಪ್ಪಿದ್ದಲ್ಲಿ ದಾರ. “ಝೂಲಾ ಬದ್ಲಿ ಮಾಡ್ಯಾವ, ಇರಲಿ” ಅಂದಳು. ಝೂಲಾ ಅಂದರೆ ಆನೆಯ ಬೆನ್ನಿಗೆ ಹೊದಿಸುವ ಬಟ್ಟೆ. ಕೆಳಗಿನ ಮೆಂತಿಯ ಪಟ್ಟಿಗೆ ಬಂದಾಗ ಕೈ ನಿಂತಿತು. ಹಿಂಬದಿಯ ಮೆಂತಿ ಮೆಂತಿಯ ಹಾಗೆ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಒಂದು ಹಳೆಯ ಕುಬುಸದ ತೋಳಿನ ಖಣದ ಅಂಚು ಬಿಚ್ಚಿಕೊಂಡು ಬಾ ಎಂದಳು. ಎರಡು ಬೆರಳು ಅಗಲ, ಸರಿಯಾಗಿ ಆ ಪಟ್ಟಿಯನ್ನು ಮುಚ್ಚುವಷ್ಟು.

ಮೇಲಿನ ಹೊಲಿಗೆ ಬಿಚ್ಚಿ, ಬಟ್ಟೆ ತಿರುಗಿಸಿ, ಮತ್ತೆ ಹೊಲಿದೆವು. ನೆರಿಗೆಯ ಹಳೆಯ ಗುರುತಿನ ಮೇಲೇ ನೆರಿಗೆ ಹಿಡಿದೆ. ವೈನಿ ಕಸಿ ಕೂರಿಸಿದರು, ಅವ್ವ ಖಣದ ಅಂಚು ಹಾಕಿದಳು. ಕಣ್ಣು ಸರಿಯಾಗಿ ಕಾಣದ್ದರಿಂದ ಅವಳಿಗೆ ಎರಡು ದಿನ ಹಿಡಿಯಿತು, ಕೊಡು ಎಂದರೆ ಕೊಡಲಿಲ್ಲ. ಹತ್ತೊಂಬತ್ತು ಕೂಸುಗಳು ಹೊತ್ತು ತಿರುಗಿದ ಮಂಕು ತೇರು ಹೊಸ ಅಸ್ತರದ ಕೆಳಗೆ, ಒಳಮೈಗೆ ಹೋಯಿತು.

ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಲೋಬಾನದ ಹೊಗೆ ಹಿಡಿಸಿ, ಅವ್ವ ತಾನೇ ಕುಂಚಿಗೆ ತೊಡಿಸಿ ಕಸಿ ಕಟ್ಟಿದಳು. ಬಂದವರೆಲ್ಲ ಹೊಸದು ಹೊಲಿಸಿದ್ದೀರೇನು ಎಂದು ಕೇಳುವವರೇ. ಫೋಟೋ ತೆಗೆಯುವ ಹುಡುಗ ಕೂಸನ್ನು ಈ ಕಡೆ ತಿರುಗಿಸಿ, ಮುಖ ಬರಲಿ ಎಂದ. ಅವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಅವನಿಗೆ ಬೆನ್ನು ಮಾಡಿ ನಿಂತಳು.

“ಮೊದಲ ಹಿಂಗ ತಗಿಯೋ ತಮ್ಮಾ.”